ಎಸ್‌ಎಸ್‌ಡಿ, ರ‍್ಯಾಮ್ ಹಾಕಿ ಎರಡೂವರೆ ವರ್ಷ: ಎಫ್‌ಪಿಎಸ್ ಎಷ್ಟು ಏರಿತು ಅಂತ ಮಾತ್ರ ಕೇಳಬೇಡಿ

ನನ್ನ ಮಷೀನ್ 2020ರದ್ದು. ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್ ಸ್ಟಿಕ್ (ಓಡುತ್ತಿರುವುದನ್ನೆಲ್ಲ ಹಿಡಿದಿಡುವ ಮೆಮೊರಿ), 1 ಟಿಬಿ ಹಾರ್ಡ್ ಡಿಸ್ಕ್. ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್, ಬೇಕಾ ಅಂತ ಅಂಗಡಿಯವನು ಕೇಳಲಿಲ್ಲ, ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ. ರೆಡ್ ಡೆಡ್ ರಿಡೆಂಪ್ಷನ್ 2ರಲ್ಲಿ ಕುದುರೆ ಓಡಿಸಿಕೊಂಡು ಊರೊಳಗೆ ಹೋದರೆ ಸಾಕು, ಆಟ ಗಕ್ಕನೆ ನಿಂತು, ಆಮೇಲೆ ಮನೆಗಳು ಒಂದೊಂದಾಗಿ ಎದ್ದು ಬರುತ್ತಿದ್ದವು.

2022ರ ಮಳೆಗಾಲದಲ್ಲಿ ಒಂದು ಶನಿವಾರ ಡೊಂಬಿವಲಿಯಿಂದ ಹೊರಟೆ. ದಾದರ್‌ನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡ್‌ನಲ್ಲಿ ಇಳಿದು ಮುಂಬೈನ ಕಂಪ್ಯೂಟರ್ ಅಂಗಡಿಗಳ ಸಾಲು ಲ್ಯಾಮಿಂಗ್ಟನ್ ರೋಡಿಗೆ ಹೋದೆ. ತಗೊಂಡದ್ದು ಎರಡು. ರ‍್ಯಾಮ್, ಕೋರ್ಸೇರ್ ವೆಂಜನ್ಸ್ ಎಲ್‌ಪಿಎಕ್ಸ್ 3200, 8 ಜಿಬಿಯ ಎರಡು ಸ್ಟಿಕ್. ಎಸ್‌ಎಸ್‌ಡಿ, ಸ್ಯಾಮ್‌ಸಂಗ್ 970 ಇವೊ ಪ್ಲಸ್, 1 ಟಿಬಿ. ನಾಲ್ಕು ಅಂಗಡಿ ಸುತ್ತಿ, ಚೌಕಾಸಿ ಮಾಡಿ, ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಚೀಲ ಸುತ್ತಿಕೊಂಡು ಲೋಕಲ್‌ನಲ್ಲಿ ಎದೆಗೆ ಅವಚಿ ತಂದೆ.

ರ‍್ಯಾಮ್ ಅವತ್ತೇ ಕೂತಿತು. ಎಸ್‌ಎಸ್‌ಡಿ ಕೂರಲಿಲ್ಲ, ಯಾಕಂದರೆ ಅದನ್ನು ಬಿಗಿಯುವ ಅಕ್ಕಿಕಾಳಿನಷ್ಟು ಸ್ಕ್ರೂ ಬೋರ್ಡಿನ ಡಬ್ಬದಲ್ಲಿ ಬರುತ್ತದೆ, ಎಸ್‌ಎಸ್‌ಡಿ ಜೊತೆ ಬರುವುದಿಲ್ಲ. ಆ ಡಬ್ಬ ಮನೆ ಬದಲಿಸುವಾಗ ರದ್ದಿಗೆ ಹೋಗಿತ್ತು. ಸ್ಕ್ರೂ ಸಿಗಲು ಒಂದು ವಾರ ಹಿಡಿಯಿತು. ಒಂದು ರೀತಿ ಒಳ್ಳೆಯದೇ ಆಯಿತು, ಯಾವುದರಿಂದ ಏನು ಬದಲಾಯಿತು ಅಂತ ಬೇರೆ ಬೇರೆಯಾಗಿ ನೋಡೋಕೆ ಸಿಕ್ಕಿತು.

ರ‍್ಯಾಮ್ ಮಾತ್ರ ಇದ್ದ ವಾರದಲ್ಲಿ ಆಟದ ನಡುವೆ ಗಕ್ಕನೆ ನಿಲ್ಲುವುದು ಮುಕ್ಕಾಲು ಪಾಲು ಹೋಯಿತು. 8 ಜಿಬಿಯಲ್ಲಿ ವಿಂಡೋಸ್, ಬ್ರೌಸರ್, ಡಿಸ್ಕಾರ್ಡ್ ಎಲ್ಲ ತಿಂದು ಉಳಿದಿದ್ದು ಆಟಕ್ಕೆ. ಅದು ಸಾಲದೇ ಬಂದಾಗ ವಿಂಡೋಸ್ ಮಿಕ್ಕಿದ್ದನ್ನು ಹಾರ್ಡ್ ಡಿಸ್ಕಿನ ಪೇಜ್ ಫೈಲ್‌ಗೆ ತಳ್ಳುತ್ತದೆ, ಮತ್ತೆ ಬೇಕಾದಾಗ ಅಲ್ಲಿಂದ ಹುಡುಕಿ ತರಬೇಕು. ಆ ಹುಡುಕಾಟವೇ ನಮ್ಮ ಕಣ್ಣಿಗೆ ಬೀಳುವ ತಡವರಿಕೆ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಪರದೆ ಮೇಲೆ ಬರುವ ಚಿತ್ರಗಳ ಲೆಕ್ಕ) ಮಾತ್ರ 43 ಇದ್ದದ್ದು 45, 46 ಆಯಿತು. ಅಷ್ಟೇ.

ಆಮೇಲೆ ಎಸ್‌ಎಸ್‌ಡಿ ಹಾಕಿದೆ, ಆನ್ ಮಾಡಿದೆ, ಹಳೆಯ ಹಾರ್ಡ್ ಡಿಸ್ಕ್ ಮಾಯ! ಸತ್ತೇ ಹೋಯಿತು ಅಂದುಕೊಂಡೆ, ಬೆವರು ಬಂತು. ಮ್ಯಾನ್ಯುಅಲ್ ಓದಿದ ಮೇಲೆ ತಿಳಿಯಿತು, ನನ್ನ ಬೋರ್ಡಿನಲ್ಲಿ ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರುವ ಜಾಗ) ತುಂಬಿದರೆ ಎರಡು ಸಾಟಾ ಪೋರ್ಟ್ (ಹಾರ್ಡ್ ಡಿಸ್ಕಿನ ಕೇಬಲ್ ಹಾಕುವ ಜಾಗ) ಬಂದ್ ಆಗುತ್ತವೆ. ಕೇಬಲ್ ಪಕ್ಕದ ಪೋರ್ಟಿಗೆ ಹಾಕಿದೆ, ಮುಗಿಯಿತು.

ಜಿಟಿಎ 5ರ ಕಥೆ ಶುರುವಾಗಲು ಒಂದೂವರೆ ನಿಮಿಷ ಕಾಯುತ್ತಿದ್ದೆ, ಈಗ ಅರ್ಧ ನಿಮಿಷ. ಎಫ್‌ಪಿಎಸ್ ಒಂದೂ ಏರಲಿಲ್ಲ, ಸುಮ್ನೆ ಸುಳ್ಳು ಹೇಳಲ್ಲ. ಆದರೆ ಕಾಯುವುದೆಲ್ಲ ಡಿಸ್ಕಿನ ತಪ್ಪೂ ಅಲ್ಲ. ಜಿಟಿಎ ಆನ್‌ಲೈನ್ ವರ್ಷಗಟ್ಟಲೆ ಲೋಡ್ ಆಗದೆ ಸತಾಯಿಸುತ್ತಿತ್ತು ಅಲ್ವಾ? 2021ರಲ್ಲಿ ಒಬ್ಬ ಆಟಗಾರ ಒಳಗೆ ಕೈಹಾಕಿ ನೋಡಿದರೆ, ಸುಮಾರು 10 ಎಂಬಿಯ ಒಂದು ಪಟ್ಟಿಯನ್ನು ಆಟ ಹೆಡ್ಡತನದಿಂದ ಓದುತ್ತಿತ್ತು, ಪ್ರೊಸೆಸರಿನ ಒಂದೇ ಕೋರ್ ಅಲ್ಲಿ ಒದ್ದಾಡುತ್ತಿತ್ತು. ಆಟದ ಕಂಪನಿ ರಾಕ್‌ಸ್ಟಾರ್ ಅವನಿಗೆ 10,000 ಡಾಲರ್ ಕೊಟ್ಟು, ಸರಿಪಡಿಸಿತು. ಅದಕ್ಕೆ ಮೊದಲು ಎಂಥ ಎಸ್‌ಎಸ್‌ಡಿ ಹಾಕಿದ್ದರೂ ಆ ಕಾಯುವಿಕೆ ಪೂರ್ತಿ ತಪ್ಪುತ್ತಿರಲಿಲ್ಲ.

ನನ್ನದೇ ಹೆಡ್ಡತನವೂ ಒಂದಿದೆ. ನಾಲ್ಕು ತಿಂಗಳು 3200ರ ರ‍್ಯಾಮ್ 2133ರಲ್ಲೇ ಓಡುತ್ತಿತ್ತು. ಬಯಾಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ ಎಕ್ಸ್‌ಎಂಪಿ (ಪೂರ್ತಿ ಸ್ಪೀಡಿನ ಸೆಟ್ಟಿಂಗ್) ಆನ್ ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಸ್ಪೀಡ್ ತೋರಿಸುತ್ತದೆ, ಈಗಲೇ ಹೋಗಿ ನೋಡಿ. ಆನ್ ಮಾಡಿದ ಮೇಲೆ ವಾಲರಂಟ್‌ನಂಥ ಪ್ರೊಸೆಸರ್ ಮೇಲೆ ನಿಂತ ಆಟದಲ್ಲಿ ಫರಕು ಕಂಡಿತು, ರೆಡ್ ಡೆಡ್‌ನಲ್ಲಿ ಏನೂ ಇಲ್ಲ, ಅಲ್ಲಿ ಕಾರ್ಡೇ ಏದುಸಿರು ಬಿಡುತ್ತಿದೆ.

ಅಕ್ಕನ ಮಗ ಬಂದಾಗಲೆಲ್ಲ "ಮಾಮ, 32 ಜಿಬಿ ಮಾಡಿ, ಎಲ್ಲ ಅಲ್ಟ್ರಾದಲ್ಲಿ ಓಡ್ತದೆ" ಅನ್ನುತ್ತಾನೆ. ಓಡಲ್ಲ ಮಾರಾಯ. ಟೆಕ್ಸ್ಚರ್, ಅಂದರೆ ಗೋಡೆ, ಮುಖಗಳ ಮೇಲಿನ ಚಿತ್ರ, ಕೂರಬೇಕಾದ್ದು ಕಾರ್ಡಿನ 4 ಜಿಬಿಯಲ್ಲಿ. ಆ ದುಡ್ಡು ಕಾರ್ಡಿಗೆ ಕೂಡಿಡುತ್ತಿದ್ದೇನೆ. ಹಾಗಂತ ಹಾರ್ಡ್ ಡಿಸ್ಕಿನಲ್ಲೇ ಕೂತಿರುವುದೂ ಇನ್ನು ಕಷ್ಟ. ಸೈಬರ್‌ಪಂಕ್ 2077 ತನ್ನ 2023ರ 2.0 ಅಪ್‌ಡೇಟ್‌ನಿಂದ ಕನಿಷ್ಠ ಪಟ್ಟಿಯಲ್ಲೇ ಎಸ್‌ಎಸ್‌ಡಿ ಕೇಳುತ್ತದೆ, ಸ್ಟಾರ್‌ಫೀಲ್ಡ್ ಬಂದದ್ದೇ ಹಾಗೆ. ನನ್ನಷ್ಟು ಜಾಸ್ತಿ ಕೊಟ್ಟು ಎನ್‌ವಿಎಂಇ (ನನ್ನ ಇವೊ ಪ್ಲಸ್ ಥರದ್ದು) ತಗೊಳ್ಳಲೇಬೇಕು ಅಂತೇನಿಲ್ಲ. ಡಬ್ಬದ ಮೇಲೆ ಸೆಕೆಂಡಿಗೆ 3,500 ಎಂಬಿ ಅಂತ ಇದೆ, ಕೇಬಲ್ ಹಾಕುವ ಸಾಟಾ ಎಸ್‌ಎಸ್‌ಡಿಯದ್ದು 550ರ ಆಸುಪಾಸು, ಆದರೂ ನಾನು ಆಡುವ ಆಟಗಳಲ್ಲಿ ಎರಡರ ನಡುವೆ ಕೆಲವು ಸೆಕೆಂಡಿನ ವ್ಯತ್ಯಾಸ ಅಷ್ಟೇ.

ಎರಡೂವರೆ ವರ್ಷದಲ್ಲಿ ಎಸ್‌ಎಸ್‌ಡಿ ಹೆಲ್ತ್ 96 ಪರ್ಸೆಂಟ್. ಬರೆದದ್ದು 24 ಟಿಬಿ, ಕಂಪನಿ ವಾರಂಟಿ ಕೊಟ್ಟಿರುವುದು 600 ಟಿಬಿಗೆ ಅಥವಾ 5 ವರ್ಷಕ್ಕೆ, ಯಾವುದು ಮೊದಲೋ ಅದು. ರ‍್ಯಾಮ್ ಬಗ್ಗೆ ಹೇಳೋಕೆ ಏನೂ ಇಲ್ಲ, ಇರುವುದೇ ಮರೆತುಹೋಗಿದೆ. ಹಳೆಯ ಹಾರ್ಡ್ ಡಿಸ್ಕ್ ಇನ್ನೂ ಓಡುತ್ತಿದೆ, ಅದರಲ್ಲಿ ಈಗ ಆಟ ಒಂದೂ ಇಲ್ಲ, ಅಮ್ಮನ ತಾಳಮದ್ದಲೆ ರೆಕಾರ್ಡಿಂಗ್ ತುಂಬಿದೆ, ಅದಕ್ಕೆ ಆ ಸ್ಪೀಡ್ ಧಾರಾಳ.