ಒಂದು ಕ್ರಿಸ್ಮಸ್ ಪ್ರೇಮಕಥೆ, ಮೂರೂವರೆ ದಾರಿ

ನಮ್ಮ ಮನೆಯ ಅಟ್ಟದ ಮೇಲೆ ನಕ್ಷತ್ರ, ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ) ಗೊಂಬೆಗಳು, ಸೀರಿಯಲ್ ಲೈಟು ಇಡುವ ಜಾಗದಲ್ಲಿ ಈಗ ಮೂರು ರಟ್ಟಿನ ಡಬ್ಬಗಳೂ ಇವೆ. ಒಳಗಿರುವುದು ನನ್ನ ಕಾದಂಬರಿ. ಒಟ್ಟು 118 ಪ್ರತಿ. ನಕ್ಷತ್ರದ ಜೊತೆಗೇ ಕೆಳಗಿಳಿಯುತ್ತವೆ, ಜನವರಿಯಲ್ಲಿ ಅದರ ಜೊತೆಗೇ ಮೇಲೇರುತ್ತವೆ.

ಕಥೆ ಸರಳ. ಬೆಂಗಳೂರಿನ ಲಿಂಗರಾಜಪುರದ ಹುಡುಗಿ, ಕ್ರಿಸ್ಮಸ್ ಹಾಡು ಹಾಡುವ ಕ್ಯಾರಲ್ಸ್ ತಂಡದಲ್ಲಿ ಕೀಬೋರ್ಡ್ ನುಡಿಸುವ ಜೋಯಲ್, ಡಿಸೆಂಬರ್ 1ರಿಂದ 25ರವರೆಗಿನ ಚಳಿ. ಕೊನೆಗೆ ಇಬ್ಬರೂ ಒಂದಾಗುತ್ತಾರೆ. ಇದನ್ನು ಮೊದಲೇ ಹೇಳಿದರೆ ಗುಟ್ಟು ಬಿಟ್ಟುಕೊಟ್ಟ ಹಾಗೇನೂ ಅಲ್ಲ. ಈ ಬಗೆಯ ಕಥೆಯಲ್ಲಿ ಒಂದಾಗದಿದ್ದರೆ ಓದುಗರು ಬೈತಾರೆ.

ಇದನ್ನು ನಾನೇ ಪ್ರಕಟಿಸಲು ಹೊರಟಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಎಲ್ಲಿ ಹಾಕಿದರೆ ದುಡ್ಡು ಜಾಸ್ತಿ? ಎರಡು ಕ್ರಿಸ್ಮಸ್ ಕಳೆದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಈ ಪುಸ್ತಕ ಮಾರಾಟವಾಗುವುದು ವರ್ಷಕ್ಕೆ ಆರೇಳು ವಾರ ಅಷ್ಟೇ. ದೀಪಾವಳಿ ಮುಗಿದ ಮೇಲೆ ಪಟಾಕಿ ಇದ್ದ ಹಾಗೆ, ಡಿಸೆಂಬರ್ 26ಕ್ಕೆ ಇದು ಹಳೇ ಸರಕು. ಹಾಗಾಗಿ ನಾನು ಪ್ರತಿ ದಾರಿಯನ್ನೂ (ಆ್ಯಪ್, ಅಚ್ಚು, ಕಿಂಡಲ್, ಜೊತೆಗೆ ಇನ್ನೊಂದು ಅರ್ಧ ದಾರಿ) ಅಳೆದದ್ದು 26ನೇ ತಾರೀಕು ಬೆಳಿಗ್ಗೆ ನನ್ನ ಕೈಯಲ್ಲಿ ಏನು ಉಳಿದಿತ್ತು ಅಂತ.

ಮೊದಲು ಹಾಕಿದ್ದು ಯಾರು ಬೇಕಾದರೂ ಕಥೆ ಹಾಕಬಹುದಾದ ಪ್ರತಿಲಿಪಿ ಆ್ಯಪ್‌ನಲ್ಲಿ. 2014ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಕಂಪನಿ ಅದು. ಹಾಕಲು ಒಂದು ರೂಪಾಯಿ ಖರ್ಚಿಲ್ಲ. ಕಥೆಯನ್ನು 25 ಕಂತು ಮಾಡಿದೆ. ಡಿಸೆಂಬರ್ 1ರಿಂದ ದಿನಕ್ಕೊಂದು, ಕಥೆಯ ತಾರೀಕೂ ಓದುವವರ ತಾರೀಕೂ ಒಂದೇ. ಇದು ನನ್ನ ಜಾಣತನ ಅಂತ ಕೊಚ್ಚಿಕೊಳ್ಳುವುದಿಲ್ಲ. ಹತ್ತನೇ ಕಂತಿನ ಆಚೆಗೆ ಆಗ ನಾನು ಬರೆದೇ ಇರಲಿಲ್ಲ. ರಾತ್ರಿ ಬರೆದು ಬೆಳಿಗ್ಗೆ ಹಾಕುತ್ತಿದ್ದೆ.

ಓದಿದವರಲ್ಲಿ ಕ್ರೈಸ್ತರಲ್ಲದವರೇ ಹೆಚ್ಚು. ನಾನು ಎಣಿಸಿರದ ಪ್ರಶ್ನೆಗಳು ಬಂದವು. ಗೋದಲಿ ಅಂದ್ರೆ ದನಕ್ಕೆ ಮೇವು ಹಾಕೋ ಜಾಗ ಅಲ್ವಾ, ಅದನ್ನ ಯಾಕೆ ಮನೇಲಿ ಅಲಂಕಾರ ಮಾಡ್ತೀರಾ? ಕುಲ್‌ಕುಲ್ ಅನ್ನೋ ಕ್ರಿಸ್ಮಸ್ ತಿಂಡಿ ಮಾಡೋದು ಹೇಗೆ? ಹನ್ನೆರಡನೇ ಕಂತಿನಲ್ಲಿ ಜೋಯಲ್ ಮೈದಾ ಹಿಟ್ಟನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡುತ್ತಾನೆ, ಅದಕ್ಕೆ ಬಂದ ಮಾತು ಮೊದಲ ಮುತ್ತಿಗೂ ಬರಲಿಲ್ಲ. ಹೊಸ ಬಾಚಣಿಗೆ ತಾನೇ ಅಂತ ಒಬ್ಬರು ಕೇಳಿದ್ದರು. ಮುಂದಿನ ಕಂತಿನಲ್ಲಿ ಹೊಸದು ಅಂತ ಬರೆದೆ.

ದುಡ್ಡು? ಓದುಗರು ನಾಣ್ಯ ಖರ್ಚು ಮಾಡಿ ಸ್ಟಿಕ್ಕರ್ ಕೊಡುತ್ತಾರೆ. ಹೆಸರಿಲ್ಲದ ಹೊಸಬಳಿಗೆ ಬರುವಷ್ಟು ಬಂತು, ಮನೆಮಂದಿಗೆಲ್ಲ ಒಂದು ಸಲ ಮಸಾಲೆ ದೋಸೆ ಆಯಿತು. ಆದರೆ 26ನೇ ತಾರೀಕು ಬೆಳಿಗ್ಗೆ ನನ್ನ ಕೈಯಲ್ಲಿ ಓದುಗರಿದ್ದರು. ಮುಂದಿನದು ಯಾವಾಗ ಮೇಡಂ ಅಂತ ಕೇಳುತ್ತಿದ್ದರು. ಜನವರಿಯಲ್ಲಿ ಸಂಕ್ರಾಂತಿಯ ಕಥೆ ಶುರು ಮಾಡಿದಾಗ ಅವರೇ ಬಂದರು. ಇಂಥದ್ದು ಬೇರೆ ಯಾವ ದಾರಿಯಲ್ಲೂ ಆಗಲಿಲ್ಲ.

ಆಮೇಲಿನ ವರ್ಷ ಅಚ್ಚು ಹಾಕಿಸಿದೆ. ಅಮ್ಮನಿಗೆ ಕೈಯಲ್ಲಿ ಹಿಡಿಯುವ ಪುಸ್ತಕ ಬೇಕಿತ್ತು, ನನಗೂ ಬೇಕಿತ್ತು, ಸುಳ್ಳೇಕೆ.

ಡೆಮಿ 1/8 ಅನ್ನುವ ಅಳತೆಯ ಪುಸ್ತಕ, 176 ಪುಟ. ಪ್ರೆಸ್ಸಿನವರ ಭಾಷೆಯಲ್ಲಿ 16 ಪುಟಕ್ಕೆ ಒಂದು ಫಾರಂ, ಅಂದರೆ ಹನ್ನೊಂದು ಫಾರಂ. ಹತ್ತೂಮುಕ್ಕಾಲು ಫಾರಂ ಆದರೂ ಕೊನೆಯ ಹಾಳೆಗಳು ಖಾಲಿ ಉಳಿಯುತ್ತವೆ, ಹಾಗಾಗಿ ಪುಟ ಹೊಂದಿಸಿಕೊಂಡು ಹೋಗಿ. ಐಎಸ್‌ಬಿಎನ್‌ಗೆ ಯಾರಿಗೂ ದುಡ್ಡು ಕೊಡಬೇಡಿ. ಪುಸ್ತಕದ ಗುರುತಿನ ಸಂಖ್ಯೆ ಅದು, ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ, ಆನ್‌ಲೈನ್‌ನಲ್ಲೇ ಅರ್ಜಿ. ಅಚ್ಚಾದ ಪುಸ್ತಕ ಮಾರುವಾಗ ಜಿಎಸ್‌ಟಿ ಕೂಡ ಇಲ್ಲ.

ತಲೆನೋವು ಶುರುವಾದದ್ದು ಡಿಟಿಪಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವಾಗ. ನಾನು ಬರೆದದ್ದು ಮೊಬೈಲಿನಲ್ಲಿ, ಅಲ್ಲಿ ಬಳಸುವ ಯೂನಿಕೋಡ್ ಅಕ್ಷರದಲ್ಲಿ. ಪುಟ ಕಟ್ಟುವವರು ಅದನ್ನು ತಮ್ಮ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಿಸಿಕೊಂಡರು. ಅರ್ಧಾಕ್ಷರವನ್ನು ಬಿಡಿಸಿ ನಿಲ್ಲಿಸುವ, ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದಲ್ಲ, ಅದು ಆ ದಾರಿಯಲ್ಲಿ ಉದುರಿಹೋಯಿತು. ‘ಜೋಯಲ್‌ನ ಕೈ’ ಇದ್ದದ್ದು ‘ಜೋಯಲ್ನ ಕೈ’ ಆಯಿತು. ಕುಲ್‌ಕುಲ್ ಹೋಗಿ ಕುಲ್ಕುಲ್. ಇಂಥವು 211 ಕಡೆ. ನಾಯಕನಿಗೆ ಲ್ ಬರುವ ಹೆಸರಿಟ್ಟದ್ದಕ್ಕೆ ನನ್ನನ್ನೇ ಬೈದುಕೊಂಡೆ. ತಪ್ಪು ನನ್ನದೂ ಹೌದು, ಮೊದಲ ಪ್ರೂಫನ್ನು ಮೇಲೆ ಮೇಲೆ ನೋಡಿ ಕಳಿಸಿದ್ದೆ. ಎರಡನೇ ಪ್ರೂಫ್ ತಿದ್ದುವಷ್ಟರಲ್ಲಿ ನವೆಂಬರ್ ಮುಗಿದಿತ್ತು.

ಪ್ರೆಸ್ ಚಾಮರಾಜಪೇಟೆಯದು. ಡಿಸೆಂಬರ್ 5ಕ್ಕೆ ಕೊಡ್ತೀವಿ ಅಂದಿದ್ದರು, ಬಂದದ್ದು 19ಕ್ಕೆ. ಕೇಳಿದರೆ, “ಮೇಡಂ, ಈಗ ಕ್ಯಾಲೆಂಡರ್ ಸೀಸನ್ ಅಲ್ವಾ?” ಅಂದರು. ಹೌದಲ್ಲ! ವರ್ಷದ ಕೊನೆಗೆ ಪ್ರೆಸ್ಸುಗಳೆಲ್ಲ ಕ್ಯಾಲೆಂಡರು, ಡೈರಿ ಹಾಕುವುದರಲ್ಲೇ ಮುಳುಗಿರುತ್ತವೆ. ಅವರ ಸಾವಿರಾರು ಪ್ರತಿಯ ಕೆಲಸದ ಮುಂದೆ ನನ್ನ 300 ಪ್ರತಿ ಯಾವ ಲೆಕ್ಕ?

ಇನ್ನು ಹಣ. ಪ್ರತಿಯೊಂದಕ್ಕೆ 85 ರೂಪಾಯಿ ಬಿತ್ತು, 300ಕ್ಕೆ 25,500. ಬೆಲೆ 180 ಇಟ್ಟೆ. ಅಂಗಡಿಯವರಿಗೆ 40 ಪರ್ಸೆಂಟ್ ಬಿಟ್ಟರೆ ನನಗೆ 108, ಖರ್ಚು ಕಳೆದರೆ 23. ನಾನೇ ಕೈಯಾರೆ 150ಕ್ಕೆ ಮಾರಿದರೆ 65 ಉಳಿಯುತ್ತದೆ. ಆ ವರ್ಷ ಆರು ದಿನದಲ್ಲಿ ಮಾರಿದ್ದು 71, ಸುಮ್ನೆ ಕೊಟ್ಟದ್ದು 17. ನೆಂಟರಿಗೆ ಬೆಲೆ ಹೇಳಲು ಬಾಯಿ ಬರಲಿಲ್ಲ. 26ರ ಬೆಳಿಗ್ಗೆ ಹಾಲ್‌ನಲ್ಲಿ 212 ಪುಸ್ತಕ. ನಮ್ಮವರು ಅದರ ಮೇಲೆ ಕಾಫಿ ಲೋಟ ಇಟ್ಟುಕೊಂಡು ಪೇಪರ್ ಓದುತ್ತಿದ್ದರು.

ಮರುವರ್ಷ ಪಾಠ ಕಲಿತೆ. ನಮ್ಮ ಚರ್ಚಿನ ಸುಗ್ಗಿ ಹಬ್ಬದಲ್ಲಿ ಒಂದು ಮೇಜು ಕೇಳಿ ಹಾಕಿಸಿಕೊಂಡೆ. ಒಂದು ಕಡೆ ಕುಂಬಳಕಾಯಿ ಹರಾಜು, ಇನ್ನೊಂದು ಕಡೆ ಬಿರಿಯಾನಿ, ನಡುವೆ ನಾನು. ಒಂದೇ ಭಾನುವಾರ 64 ಪ್ರತಿ ಹೋಯಿತು. ಬಿರಿಯಾನಿ ಸಾಲು ಉದ್ದ ಇತ್ತು, ನಿಂತವರು ಪುಸ್ತಕ ತಿರುವಿ ನೋಡಿದರು, ಅದೂ ಒಂದು ಕಾರಣ. ಅಂಗಡಿಗಳಿಂದ ಆ ವರ್ಷವಿಡೀ ಹೋದದ್ದು 30.

ಅರ್ಧ ದಾರಿ ಅಂದೆನಲ್ಲ, ಅದು ಬೇಕೆಂದಾಗ ಒಂದೊಂದೇ ಪ್ರತಿ ಅಚ್ಚಾಗುವ ವ್ಯವಸ್ಥೆ. ಬೆಂಗಳೂರಿನ ಪೋಥಿ ಡಾಟ್ ಕಾಮ್ 2008ರಿಂದ ಇದನ್ನು ಮಾಡುತ್ತಿದೆ. ಪುಟ ಕಟ್ಟಿದ ಪಿಡಿಎಫ್ ಕೊಟ್ಟರೆ ಸಾಕು. ಪ್ರತಿಯ ಖರ್ಚು ಒಟ್ಟಿಗೆ ಅಚ್ಚು ಹಾಕಿಸುವುದಕ್ಕಿಂತ ಜಾಸ್ತಿ, ಆದರೆ ಅಟ್ಟ ಬೇಡ. ನಾನು ನೋಡಲು ತರಿಸಿದ್ದು ಒಂದೇ ಪ್ರತಿ, ಹಾಗಾಗಿ ಅರ್ಧ ಅಂಕ. ಮೊದಲೇ ಗೊತ್ತಿದ್ದರೆ 300ರ ಬದಲು 100 ಅಚ್ಚು ಹಾಕಿಸಿ, ಉಳಿದದ್ದನ್ನು ಹೀಗೆ ಬಿಡುತ್ತಿದ್ದೆ.

ಮೂರನೆಯದು ಕಿಂಡಲ್, ಅಮೆಜಾನಿನ ಇ-ಪುಸ್ತಕದ ಅಂಗಡಿ. ಅದರ ಸ್ವಂತ ಪ್ರಕಟಣೆಯ ಪುಟದಲ್ಲಿ ಭಾಷೆ ಆರಿಸಲು ಹೋದಾಗ ತಮಿಳು, ಮಲಯಾಳಂ, ಹಿಂದಿ, ಮರಾಠಿ, ಗುಜರಾತಿ ಇದ್ದವು, ಕನ್ನಡ ಇರಲಿಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಹೊಸದಾಗಿ ಬರೆದೆ. ಅನುವಾದ ಮಾಡಲು ಹೋಗಲಿಲ್ಲ. ‘ಹೋಗೋಲೋ’ ಅನ್ನುವುದನ್ನು ಇಂಗ್ಲಿಷಿಗೆ ತರಲು ನನ್ನಿಂದಾಗದು.

ಇಲ್ಲಿ ತಿಳಿದಿರಬೇಕಾದ್ದು ಸೆಲೆಕ್ಟ್ ಅನ್ನುವ ಯೋಜನೆ. ಭಾರತದ ಮಾರಾಟಕ್ಕೆ 70 ಪರ್ಸೆಂಟ್ ರಾಯಲ್ಟಿ ಬೇಕಾದರೆ ಅದಕ್ಕೆ ಸೇರಲೇಬೇಕು, ಇಲ್ಲದಿದ್ದರೆ 35. ಸೇರಿದರೆ 90 ದಿನ ಆ ಇ-ಪುಸ್ತಕವನ್ನು ಬೇರೆಲ್ಲೂ ಮಾರುವಂತಿಲ್ಲ. ಅಚ್ಚಿನ ಪ್ರತಿಗೆ ಈ ಕಟ್ಟು ಇಲ್ಲ. ಬೇರೆ ಕಾದಂಬರಿಗೆ ಇದು ಕಿರಿಕಿರಿ ಇರಬಹುದು. ಕ್ರಿಸ್ಮಸ್ ಕಥೆಗೆ ಮಾತ್ರ ಅಳತೆ ತೆಗೆದು ಹೊಲಿಸಿದ ಹಾಗಿದೆ. ಅಕ್ಟೋಬರ್ 1ಕ್ಕೆ ಸೇರಿದರೆ ಡಿಸೆಂಬರ್ ಕೊನೆಗೆ ಮುಗಿಯುತ್ತದೆ. ತಾನಾಗಿ ಮುಂದುವರಿಯುವ ಗುರುತನ್ನು ಮಾತ್ರ ತೆಗೆಯಲು ಮರೆಯಬಾರದು. ಡಿಸೆಂಬರಿನ ದುಡ್ಡು ಕೈಗೆ ಬರುವುದು ಫೆಬ್ರವರಿ ಕೊನೆಗೆ.

ದೂರದೂರಿನ ಓದುಗರು ಬಂದರು. ಒಬ್ಬರು ಎರಡು ನಕ್ಷತ್ರ ಕೊಟ್ಟು, ಹಿಮವೇ ಇಲ್ಲದ ಕ್ರಿಸ್ಮಸ್ ಎಂದು ದೂರಿದರು. ನಾನೇನು ಮಾಡಲಿ? ನಮ್ಮಲ್ಲಿ ಡಿಸೆಂಬರಿಗೆ ಬೀಳುವುದು ಇಬ್ಬನಿ, ಬರುವುದು ಅವರೆಕಾಯಿ. ಕ್ರಿಸ್ಮಸ್ ಮಧ್ಯಾಹ್ನದ ಊಟದಲ್ಲಿ ಹಿತಕಿದ ಬೇಳೆಯ ಸಾರಿನ ಸೊಗಡು ತುಂಬಿದ ಒಂದು ಇಡೀ ಅಧ್ಯಾಯವನ್ನು ತೆಗೆದುಹಾಕುವ ಯೋಚನೆ ಎರಡು ದಿನ ಬಂದಿತ್ತು. ತೆಗೆಯಲಿಲ್ಲ. ಅದೇ ಅಧ್ಯಾಯವನ್ನು ಇನ್ನೊಬ್ಬರು ಮೆಚ್ಚಿ ಬರೆದರು.

26ಕ್ಕೆ ಅಲ್ಲಿ ಏನು ಉಳಿಯಿತು? ಏನೂ ಇಲ್ಲ. ಮಾರಾಟದ ಗೆರೆ ನೆಲಕ್ಕೆ ಬಿತ್ತು, ಹತ್ತು ತಿಂಗಳು ಏಳಲಿಲ್ಲ. ಕೊಂಡವರು ಯಾರೆಂದೂ ನನಗೆ ಗೊತ್ತಿಲ್ಲ. ಆದರೆ ಮುಂದಿನ ನವೆಂಬರಿನಲ್ಲಿ ನಾನು ಕೈ ಹಚ್ಚದೆಯೇ ತಾನಾಗಿ ಮೆಲ್ಲಗೆ ಎದ್ದಿತು. ಧೂಳು ಒರೆಸಬೇಕಾಗಲಿಲ್ಲ. ಲಾಭ ಅಂತ ನೋಡಿದರೆ ಮೂರರಲ್ಲಿ ಇದೇ ಮುಂದು, ಯಾಕಂದ್ರೆ ಕವರ್ ಚಿತ್ರ ಬಿಟ್ಟರೆ ಖರ್ಚೇ ಇರಲಿಲ್ಲ.

ಮೊದಲ ಸಲ ಬರೆಯುವವರು ಕೇಳಿದರೆ ನಾನು ಆ್ಯಪ್ ಕಡೆಗೇ ಕೈ ತೋರಿಸುತ್ತೇನೆ. ಚರ್ಚು, ಸಂಘ, ಶಾಲೆ ಅಂತ ನಿಮಗೆ ನೂರು ಜನ ಗುರುತಿದ್ದರೆ ಮಾತ್ರ ಅಚ್ಚು, ಅದೂ ನೂರೇ ಪ್ರತಿ.

ನಾನೂ ಈ ಸಲ ಹೊಸ ಕಥೆಗೆ ಹಾಗೇ ಮಾಡಿದ್ದೇನೆ. ಹೋದ ಡಿಸೆಂಬರಿನಲ್ಲಿ ಆ್ಯಪ್‌ನಲ್ಲಿ ಕಂತು ಮುಗಿಸಿ, ಜುಲೈನಲ್ಲೇ ಫೈಲ್ ಹಿಡಿದು ಅದೇ ಪ್ರೆಸ್ಸಿಗೆ ಹೋದೆ. ನಾಯಕನ ಹೆಸರು ಈ ಬಾರಿ ಜೋಶುವ. ಮಾಲೀಕರು ಕವರ್ ಮೇಲಿನ ನಕ್ಷತ್ರವನ್ನೂ ನನ್ನನ್ನೂ ನೋಡಿದರು.

“ಮೇಡಂ, ಇನ್ನೂ ಗಣಪತಿ ಹಬ್ಬಾನೇ ಬಂದಿಲ್ವಲ್ಲ!”