ಹಾಸನದಲ್ಲಿ ಕೂತು ಹೈದರಾಬಾದಿನ ಕೆಲಸ ಹುಡುಕಿದ್ದು: ಪೋರ್ಟಲ್, ಲಿಂಕ್ಡ್‌ಇನ್, ಕನ್ಸಲ್ಟೆನ್ಸಿ, ರೆಫರಲ್... ಯಾವುದು ವಾಸಿ?

ಹೆಂಡತಿಗೆ ಬ್ಯಾಂಕಿನಿಂದ ಹೈದರಾಬಾದಿಗೆ ವರ್ಗವಾಯಿತು. ಜೂನ್‌ನಲ್ಲಿ ಅವಳು ಹೋಗಿ ಡ್ಯೂಟಿಗೆ ಸೇರಿದಳು, ನಾನು ಹಾಸನದಲ್ಲೇ ಉಳಿದೆ. ‘ಕೆಲಸ ಬಿಟ್ಟು ಹೋಗಪ್ಪ, ಅಲ್ಲಿಗೆ ಹೋದ ಮೇಲೆ ತಾನಾಗೇ ಸಿಗುತ್ತೆ’ ಅಂತ ಹೇಳಿದವರು ಬೇಕಾದಷ್ಟು ಜನ. ಅವರಲ್ಲಿ ನನ್ನ ಸೈಟಿನ ಸಾಲದ ಕಂತು ಕಟ್ಟುವವರು ಯಾರೂ ಇರಲಿಲ್ಲ. ಆಫರ್ ಲೆಟರ್ ಕೈಗೆ ಬರುವವರೆಗೆ ಸಾಲಗಾಮೆ ರಸ್ತೆಯ ಬಾಡಿಗೆ ಮನೆ ಖಾಲಿ ಮಾಡುವುದಿಲ್ಲ ಅಂತ ತೀರ್ಮಾನ ಮಾಡಿದೆ.

ನಂದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಆರು ವರ್ಷದ ಅನುಭವ. ಸೆಲೆನಿಯಂ (ಟೆಸ್ಟಿಂಗ್ ತಾನಾಗೇ ನಡೆಸುವ ಟೂಲ್), ಜಾವಾ, ಸ್ವಲ್ಪ ಎಪಿಐ ಟೆಸ್ಟಿಂಗ್. ಬೆಂಗಳೂರಿನ ಸಣ್ಣ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಅವರು ವಾರಕ್ಕೆರಡು ದಿನ ಆಫೀಸಿಗೆ ಬನ್ನಿ ಅಂತ ಶುರು ಮಾಡಿದ್ದರು. ಹಾಸನದಿಂದ ಅದು ಹೇಗೋ ನಡೆಯುತ್ತಿತ್ತು, ಹೈದರಾಬಾದಿನಿಂದ ಸಾಧ್ಯವೇ ಇಲ್ಲ. ಹಾಗಾಗಿ ಜುಲೈನಿಂದ ನವೆಂಬರ್‌ವರೆಗೆ ಕೈಗೆ ಸಿಕ್ಕಿದ ದಾರಿಯೆಲ್ಲ ಹಿಡಿದು ನೋಡಿದೆ. ಲೆಕ್ಕ ಎಲ್ಲ ಒಂದು ಹಳೇ ಡೈರಿಯಲ್ಲಿದೆ.

ಎಲ್ಲರೂ ಮೊದಲು ಮಾಡುವುದು ನೌಕರಿ ಡಾಟ್ ಕಾಮ್. 1997ರಿಂದ ಇರುವ ಪೋರ್ಟಲ್, ಕಂಪನಿಗಳ ಎಚ್‌ಆರ್‌ನವರು ಬೆಳಗಾದರೆ ತೆಗೆಯುವುದೂ ಅದನ್ನೇ. ಮೂರು ವಾರದಲ್ಲಿ 60 ಕಡೆ ಅಪ್ಲೈ ಮಾಡಿದೆ. ಬಂದ ಫೋನು ನಾಲ್ಕು. ಅದರಲ್ಲಿ ಮೂರು ಬೆಂಗಳೂರಿನ ಕೆಲಸಕ್ಕೆ!

ಉಳಿದ ಒಂದು ಫೋನು ಬಂದಾಗ ನಾನು ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಹುರುಳಿಕಾಯಿ ಆರಿಸುತ್ತಿದ್ದೆ. ಅನುಭವ, ಸಂಬಳ ಎಲ್ಲ ಕೇಳಿ ಮುಗಿಸಿದ ಆ ಹುಡುಗಿ, ‘ಈಗ ಎಲ್ಲಿದ್ದೀರಿ ಸರ್?’ ಅಂದಳು. ಹಾಸನ ಅಂದೆ. ‘ಅದು ಹೈದರಾಬಾದಿನಲ್ಲಿ ಯಾವ ಏರಿಯಾ ಸರ್?’ ಕರ್ನಾಟಕ ಅಂದೆ. ಒಂದು ಕ್ಷಣ ಸದ್ದಿಲ್ಲ. ‘ಓಕೆ ಸರ್, ತಿಳಿಸ್ತೀವಿ.’ ಫೋನ್ ಕಟ್. ಹುರುಳಿಕಾಯಿ ಮಾರುವಾಕೆ ‘ಅರ್ಧ ಕೇಜಿನಾ, ಒಂದಾ?’ ಅಂತ ಇನ್ನೂ ತಕ್ಕಡಿ ಹಿಡಿದುಕೊಂಡೇ ನಿಂತಿದ್ದಳು.

ಅವತ್ತು ರಾತ್ರಿ ಕೂತು ಯೋಚನೆ ಮಾಡಿದೆ. ಆ ಹುಡುಗಿಯ ತಪ್ಪೇನಿಲ್ಲ. ಅವಳ ಕಂಪ್ಯೂಟರಿನಲ್ಲಿ ಇರುವುದು ಫಿಲ್ಟರ್: ಎಷ್ಟು ವರ್ಷ, ಯಾವ ಸ್ಕಿಲ್, ಯಾವ ಊರು, ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ಹಳೇ ಕಂಪನಿಯಲ್ಲಿ ಇರಬೇಕಾದ ದಿನ) ಎಷ್ಟು. ಊರಿನ ಜಾಗದಲ್ಲಿ ಹಾಸನ, ನೋಟಿಸ್ ಜಾಗದಲ್ಲಿ ಎರಡು ತಿಂಗಳು ಅಂತ ಕಂಡ ಕೂಡಲೇ ನಾನು ಪಟ್ಟಿಯ ತಳಕ್ಕೆ. ‘ಇವನಿಗೆ ಕೆಲಸ ಬರುತ್ತಾ’ ಅನ್ನೋ ಪ್ರಶ್ನೆ ಆಮೇಲೆ. ಮೊದಲ ಪ್ರಶ್ನೆ ‘ಇವನು ನಿಜವಾಗಲೂ ಬರುತ್ತಾನಾ, ಬಂದರೆ ಯಾವತ್ತು?’

ಗೆಳೆಯನೊಬ್ಬ ಒಂದು ಉಪಾಯ ಹೇಳಿಕೊಟ್ಟ. ‘ಸುಮ್ನೆ ಹೈದರಾಬಾದ್‌ನಲ್ಲೇ ಇದೀನಿ ಅಂತ ಹಾಕು, ಯಾರು ಬಂದು ನೋಡ್ತಾರೆ?’ ಹಾಕಿದೆ. ವಾರದಲ್ಲಿ ಒಂಬತ್ತು ಫೋನು! ಏಳನೆಯವರು, ‘ನಾಳೆ 11 ಗಂಟೆಗೆ ಮಾಧಾಪುರಕ್ಕೆ ಬನ್ನಿ, ಫೇಸ್ ಟು ಫೇಸ್ ಇಂಟರ್‌ವ್ಯೂ’ ಅಂದರು. ಆಗ ಸಂಜೆ ಆರು. ನಾನಿದ್ದದ್ದು ಹಾಸನದ ಡೈರಿ ಸರ್ಕಲ್ ಹತ್ತಿರ. ಜ್ವರ ಅಂತ ಸುಳ್ಳು ಹೇಳಿದೆ, ಆಮೇಲೆ ಆ ಕಂಪನಿಯವರು ಫೋನೇ ಎತ್ತಲಿಲ್ಲ. ಸುಳ್ಳು ಒಂದು ವಾರಕ್ಕೆ ಮುಗಿಯಿತು.

ಅದರ ಬದಲು ರೆಸ್ಯೂಮೆಯ ಮೊದಲ ಸಾಲನ್ನೇ ಬದಲಾಯಿಸಿದೆ: ‘ಹೈದರಾಬಾದಿಗೆ ಮನೆ ಬದಲಾಯಿಸುತ್ತಿದ್ದೇನೆ. ಹೆಂಡತಿ ಈಗಾಗಲೇ ಅಲ್ಲಿ ಕೆಲಸದಲ್ಲಿದ್ದಾರೆ. ಆಫರ್ ಸಿಕ್ಕಿದ 45 ದಿನಕ್ಕೆ ಸೇರಬಲ್ಲೆ.’ 45 ದಿನಕ್ಕೆ ಮ್ಯಾನೇಜರ್‌ನ ಒಪ್ಪಿಸುವುದೇ ಒಂದು ಕಥೆ, ಬಿಡಿ. ಜೊತೆಗೆ ದಿನಾ ಬೆಳಗ್ಗೆ ಪ್ರೊಫೈಲಿನಲ್ಲಿ ಏನಾದರೂ ಒಂದು ಪದ ತಿದ್ದುತ್ತಿದ್ದೆ. ಹೊಸದಾಗಿ ತಿದ್ದಿದ ಪ್ರೊಫೈಲ್ ಹುಡುಕುವವರ ಕಣ್ಣಿಗೆ ಬೇಗ ಬೀಳುತ್ತದೆ. ಒಂಬತ್ತರಷ್ಟಲ್ಲದಿದ್ದರೂ ವಾರಕ್ಕೆ ಮೂರು ನಾಲ್ಕು ಸರಿಯಾದ ಫೋನು ಬರತೊಡಗಿದವು.

ಲಿಂಕ್ಡ್‌ಇನ್ ಸ್ವಭಾವವೇ ಬೇರೆ. ಅಲ್ಲಿ ಒಂದೇ ಬಟನ್ ಒತ್ತಿ ಅಪ್ಲೈ ಮಾಡುವ ಕೆಲಸಗಳಿಗೆ ನೂರಾರು ಜನ ಮುಗಿಬಿದ್ದಿರುತ್ತಾರೆ. ನಾನು 40 ಕಡೆ ಒತ್ತಿದೆ, ಒಂದೂ ಫೋನಿಲ್ಲ. ಆ ಬಟನ್ ಇರುವುದು ಮನಸ್ಸಿನ ಸಮಾಧಾನಕ್ಕೆ ಅಷ್ಟೇ. ಆದರೆ ಪೋರ್ಟಲ್‌ನಲ್ಲಿ ಸಿಗದ ಒಂದು ಅನುಕೂಲ ಅಲ್ಲಿದೆ. ಎಚ್‌ಆರ್‌ ಅಲ್ಲದ, ನಿಜವಾಗಿ ಟೆಸ್ಟಿಂಗ್ ಟೀಮ್ ನಡೆಸುವ ಮನುಷ್ಯನ ಹೆಸರು ಗೊತ್ತಾಗುತ್ತದೆ. ಅವರಿಗೆ ನಾಲ್ಕು ಸಾಲು ಬರೆಯಬಹುದು. 25 ಜನಕ್ಕೆ ಬರೆದೆ, ಆರು ಜನ ಉತ್ತರ ಕೊಟ್ಟರು. ಐದು ಜನ ‘ಸದ್ಯಕ್ಕೆ ಇಲ್ಲ’ ಅಂದರು. ಆ ಐದರಲ್ಲಿ ಒಬ್ಬರ ವಿಷಯ ಆಮೇಲೆ ಬರುತ್ತದೆ.

ಈಗಿನ ಕೆಲಸದಲ್ಲಿ ಇರುವವರಿಗೆ ಒಂದು ಮಾತು. ‘ಕೆಲಸ ಹುಡುಕುತ್ತಿದ್ದೇನೆ’ ಅಂತ ಫೋಟೋ ಸುತ್ತ ಹಸಿರು ಪಟ್ಟಿ ಹಾಕಿಕೊಂಡರೆ ನಿಮ್ಮ ಬಾಸಿಗೂ ಕಾಣುತ್ತದೆ. ರಿಕ್ರೂಟರ್‌ಗಳಿಗೆ ಮಾತ್ರ ಕಾಣುವ ಹಾಗೆ ಇಡಬಹುದು. ಅದೂ ಪೂರ್ತಿ ಗುಟ್ಟಾಗಿರುತ್ತದೆ ಅಂತ ಲಿಂಕ್ಡ್‌ಇನ್‌ನವರೇ ಗ್ಯಾರಂಟಿ ಕೊಡುವುದಿಲ್ಲ.

ಕಂಪನಿಗಳಿಗೆ ಜನ ಹುಡುಕಿಕೊಡುವ ಕನ್ಸಲ್ಟೆನ್ಸಿಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ, ಈಗಲೂ ಅರ್ಧ ಮಾತ್ರ ಬದಲಾಗಿದೆ. ಒಬ್ಬ ಫೋನ್ ಮಾಡಿ, ಕೆಲಸ ಪಕ್ಕಾ ಆಗಿದೆ, ದಾಖಲೆ ವೆರಿಫಿಕೇಶನ್‌ಗೆ 2,500 ಕಳಿಸಿ, ಮೊದಲ ಸಂಬಳದ ಜೊತೆ ವಾಪಸ್ ಬರುತ್ತೆ ಅಂದ. ಇಂಟರ್‌ವ್ಯೂನೇ ಆಗಿಲ್ವಲ್ಲಪ್ಪ ಅಂದರೆ ‘ರೆಸ್ಯೂಮೆ ನೋಡಿ ಸೆಲೆಕ್ಟ್ ಮಾಡಿದಾರೆ ಸರ್’ ಅಂತೆ. ಸರಿಯಾದ ಕನ್ಸಲ್ಟೆನ್ಸಿ ದುಡ್ಡು ಇಸಕೊಳ್ಳುವುದು ಕಂಪನಿಯಿಂದ. ವರ್ಷದ ಸಂಬಳದ 8.33 ಪರ್ಸೆಂಟ್, ಅಂದರೆ ಒಂದು ತಿಂಗಳ ಸಂಬಳ, ಈ ಲೈನಿನಲ್ಲಿ ಮಾಮೂಲಾಗಿ ಓಡಾಡುವ ಲೆಕ್ಕ. ನಮ್ಮ ಹತ್ತಿರ ಕೇಳಿದರೆ ಅಲ್ಲಿಗೇ ಮುಗಿಸಿ. ದುಡ್ಡು ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಒಬ್ಬ ಹೆಂಗಸು ಮಾತ್ರ ಅಪ್ಪಟ ಕೆಲಸದವರು. ಯಾವ ಕಂಪನಿ, ಸಂಬಳ ಎಲ್ಲಿಂದ ಎಲ್ಲಿವರೆಗೆ, ವಾರಕ್ಕೆ ಎಷ್ಟು ದಿನ ಆಫೀಸು, ಎಲ್ಲ ಮೊದಲ ಫೋನಿನಲ್ಲೇ ಹೇಳಿದರು. ಆದರೆ ಅಷ್ಟರಲ್ಲಿ ಇನ್ನೊಂದು ಕನ್ಸಲ್ಟೆನ್ಸಿ ನನ್ನನ್ನು ಕೇಳದೆ ಅದೇ ಕಂಪನಿಗೆ ನನ್ನ ರೆಸ್ಯೂಮೆ ಕಳಿಸಿತ್ತು. ಎರಡು ಕಡೆಯಿಂದ ಒಂದೇ ಹೆಸರು ಬಂದರೆ ಕಮಿಷನ್ ಯಾರಿಗೆ ಅನ್ನೋ ಜಗಳ. ಕಂಪನಿ ಇಬ್ಬರನ್ನೂ ಬಿಟ್ಟು ನನ್ನನ್ನು ತೆಗೆದುಹಾಕಿತು. ಅಂದಿನಿಂದ ಕಂಪನಿ ಹೆಸರು ಹೇಳದವರಿಗೆ ರೆಸ್ಯೂಮೆ ಕೊಟ್ಟಿಲ್ಲ.

ಇನ್ನು ರೆಫರಲ್, ಅಂದರೆ ಕಂಪನಿಯಲ್ಲಿ ಈಗಾಗಲೇ ಇರುವವರ ಮೂಲಕ ನಮ್ಮ ಹೆಸರು ಕೊಡಿಸುವುದು. ಎಲ್ಲರೂ ಇದೇ ಬೆಸ್ಟ್ ಅಂತಾರೆ. ನನಗೆ ಕಷ್ಟವಾಗಿದ್ದು ನಾಚಿಕೆ. ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜು 1960ರಿಂದ ಇದೆ, ನಮ್ಮ ಕಾಲೇಜಿನವರು ಇಲ್ಲದ ಐಟಿ ಊರಿಲ್ಲ. ಹೈದರಾಬಾದಿನಲ್ಲಿ ನನ್ನ ಸೀನಿಯರ್ ಒಬ್ಬರಿದ್ದಾರೆ ಅಂತ ಗೊತ್ತಿತ್ತು. ಏಳು ವರ್ಷ ಹುಟ್ಟುಹಬ್ಬಕ್ಕೂ ಒಂದು ಮೆಸೇಜ್ ಹಾಕದವನು ಈಗ ಕೆಲಸ ಬೇಕು ಅಂತ ಹೇಗೆ ಕೇಳೋದು? ಮೂರು ತಿಂಗಳು ಹಾಗೇ ತಳ್ಳಿದೆ. ಕೊನೆಗೆ ಹಾಸನಾಂಬೆ ಬಾಗಿಲು ತೆಗೆದಾಗ ಅವರೇ ದರ್ಶನಕ್ಕೆ ಊರಿಗೆ ಬಂದರು. ಮಹಾರಾಜ ಪಾರ್ಕ್ ಹತ್ತಿರ ಟೀ ಕುಡಿಯುತ್ತಾ ಮೆಲ್ಲಗೆ ವಿಷಯ ತೆಗೆದೆ. ‘ಅದಕ್ಯಾಕೋ ಇಷ್ಟು ಸಂಕೋಚ? ನೀನು ಸೇರಿದ್ರೆ ನಂಗೆ ಬೋನಸ್ ಬರುತ್ತೆ ಕಣೋ’ ಅಂದರು. ‘ಏನಾದ್ರೂ ಇದ್ರೆ ನೋಡಿ ಅಣ್ಣ ಅಂತ ಮಾತ್ರ ಕಳಿಸಬೇಡ. ನಮ್ಮ ಕಂಪನಿ ಸೈಟಿನಲ್ಲಿ ನೋಡಿ ಜಾಬ್ ಐಡಿ ಕಳಿಸು.’

ಎರಡೇ ದಿನಕ್ಕೆ ಇಂಟರ್‌ವ್ಯೂ ಫಿಕ್ಸ್ ಆಯಿತು. ಅಲ್ಲಿ ‘ಎಲ್ಲಿದ್ದೀರಿ’ ಅಂತ ಯಾರೂ ಕೇಳಲಿಲ್ಲ, ಅದಕ್ಕೆ ಸೀನಿಯರ್ರೇ ಜವಾಬು ಹೇಳಿಬಿಟ್ಟಿದ್ದರು. ಮೊದಲ ರೌಂಡ್ ಚೆನ್ನಾಗಾಯಿತು. ಎರಡನೆಯದರ ಮಧ್ಯೆ ಜೋರು ಮಳೆ, ಕರೆಂಟ್ ಹೋಯಿತು. ಮನೆಯಲ್ಲಿ ಇನ್ವರ್ಟರ್ ಇತ್ತು, ವೈಫೈ ಡಬ್ಬ ಮಾತ್ರ ಇನ್ವರ್ಟರ್ ಲೈನಿನಲ್ಲಿ ಇರಲಿಲ್ಲ. ಆರು ವರ್ಷ ಮನೆಯಿಂದ ಕೆಲಸ ಮಾಡಿದವನಿಗೆ ಅದು ಅವತ್ತು ಗೊತ್ತಾಯಿತು ನೋಡಿ! ಮೊಬೈಲ್ ಹಾಟ್‌ಸ್ಪಾಟ್ ಹಾಕಿ ವಾಪಸ್ ಬರುವಷ್ಟರಲ್ಲಿ ನಾಲ್ಕು ನಿಮಿಷ. ಆದರೂ ಪಾಸ್ ಮಾಡಿದರು. ಆಮೇಲೆ ಆ ಹುದ್ದೆಯನ್ನೇ ಕಂಪನಿ ‘ಹೋಲ್ಡ್’ ಮಾಡಿತು. ನನಗಿಂತ ಸೀನಿಯರ್‌ಗೇ ಜಾಸ್ತಿ ಬೇಜಾರು. ರೆಫರಲ್ ಬಾಗಿಲು ತೆಗೆಸುತ್ತದೆ, ಒಳಗೆ ಕುರ್ಚಿ ಖಾಲಿ ಇರಬೇಕಲ್ಲ.

ನವೆಂಬರ್ ಮಧ್ಯದಲ್ಲಿ ಐದನೆಯ ದಾರಿ ಹಿಡಿದೆ: ಆರು ದಿನ ರಜೆ ಹಾಕಿ ಹೈದರಾಬಾದಿಗೇ ಹೋದೆ. ಹಾಸನದಿಂದ ಬೆಳಗಿನ ರೈಲಿಗೆ ಯಶವಂತಪುರ, ಅಲ್ಲಿಂದ ಮಧ್ಯಾಹ್ನದ ವಂದೇ ಭಾರತ್, ಸುಮಾರು ಎಂಟೂವರೆ ಗಂಟೆಗೆ ಕಾಚಿಗುಡ. ಹೊರಡುವ ಹತ್ತು ದಿನ ಮೊದಲೇ, ಅಲ್ಲಿವರೆಗೆ ಮಾತಾಡಿದ್ದ ಎಲ್ಲರಿಗೂ ಒಂದೇ ಸಾಲು ಕಳಿಸಿದ್ದೆ: ‘ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಹೈದರಾಬಾದಿನಲ್ಲಿ ಇರುತ್ತೇನೆ, ನೇರ ಬಂದು ಕಾಣಬಲ್ಲೆ.’ ನಾಲ್ಕು ತಿಂಗಳ ಅಪ್ಲಿಕೇಶನ್ನಿಗಿಂತ ಆ ಎರಡು ತಾರೀಖು ಜಾಸ್ತಿ ಕೆಲಸ ಮಾಡಿತು. ಮೂರು ಕಡೆಯಿಂದ ಬನ್ನಿ ಅಂದರು. ಅದರಲ್ಲಿ ಒಬ್ಬರು, ಆಗಸ್ಟ್‌ನಲ್ಲಿ ಲಿಂಕ್ಡ್‌ಇನ್‌ನಲ್ಲಿ ‘ಸದ್ಯಕ್ಕೆ ಇಲ್ಲ’ ಅಂದಿದ್ದ ಟೆಸ್ಟ್ ಲೀಡ್.

ಐಟಿ ಕಂಪನಿಗಳಿಗೆ ಹತ್ತಿರ ಅಂತ ಉಳಿದುಕೊಂಡದ್ದು ಕೊಂಡಾಪುರದಲ್ಲಿ. ನಾವು ಪಿಜಿ ಅನ್ನುವುದಕ್ಕೆ ಅಲ್ಲಿ ಹಾಸ್ಟೆಲ್ ಅಂತಾರೆ, ಗಲ್ಲಿ ಗಲ್ಲಿಗೂ ಬೋರ್ಡು. ಅಮೀರ್‌ಪೇಟೆಯಲ್ಲಿ ಮೆಟ್ರೋ ಬದಲಾಯಿಸುವಾಗ ಕೆಳಗಿಳಿದು ಕೋಚಿಂಗ್ ಸೆಂಟರ್‌ಗಳ ಬೀದಿಯನ್ನೂ ನೋಡಿ ಬಂದೆ. ನಮ್ಮ ಹುಡುಗರು ಅಲ್ಲಿಗೆ ಜಾವಾ ಕಲಿಯೋಕೆ ಹೋಗಿದ್ದರ ಬಗ್ಗೆ ಕಾಲೇಜಿನಲ್ಲೇ ಕೇಳಿದ್ದೆ.

ಹೋಗಿದ್ದಕ್ಕೆ ಇನ್ನೊಂದು ಲಾಭ ಆಯಿತು. ಪೋರ್ಟಲ್‌ನಲ್ಲಿ ‘ಹೈದರಾಬಾದ್’ ಅಂತ ಒಂದೇ ಪದ ಇರುತ್ತದೆ. ಹೆಂಡತಿಯ ಬ್ರಾಂಚ್ ಇರುವುದು ದಿಲ್‌ಸುಖ್‌ನಗರದಲ್ಲಿ, ಊರಿನ ಆ ತುದಿ. ಒಂದು ಇಂಟರ್‌ವ್ಯೂ ಇದ್ದದ್ದು ಫೈನಾನ್ಶಿಯಲ್ ಡಿಸ್ಟ್ರಿಕ್ಟ್‌ನಲ್ಲಿ, ಈ ತುದಿ. ಮೆಟ್ರೋ ರಾಯದುರ್ಗಕ್ಕೆ ಮುಗಿಯುತ್ತದೆ, ಮುಂದಕ್ಕೆ ಬಸ್ಸೋ ಆಟೋನೋ ನೋಡಿಕೊಳ್ಳಬೇಕು. ದಿಲ್‌ಸುಖ್‌ನಗರದಿಂದ ಹೋಗಿ ಬರುವುದರಲ್ಲೇ ದಿನಕ್ಕೆ ನಾಲ್ಕು ಗಂಟೆ ಹೋಗುತ್ತೆ ಅಂತ ಗೊತ್ತಾದ ಮೇಲೆ ಆ ಕಂಪನಿಗೆ ನಾನೇ ಬೇಡ ಅಂದೆ. ಹಾಸನದಲ್ಲಿ ಕೂತಿದ್ದರೆ ಕಣ್ಣುಮುಚ್ಚಿ ಒಪ್ಪಿಕೊಂಡಿರುತ್ತಿದ್ದೆ. ಟೆಸ್ಟ್ ಲೀಡ್ ಕರೆದ ಆಫೀಸು ಹೈಟೆಕ್ ಸಿಟಿ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ. ದಿಲ್‌ಸುಖ್‌ನಗರದಿಂದ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಾಯಿಸಿದರೆ ಆಯಿತು. ಆಫರ್ ಬಂದದ್ದು ಅಲ್ಲಿಂದಲೇ.

ರೈಲು, ಹಾಸ್ಟೆಲ್, ಊಟ, ಆಟೋ ಸೇರಿ ಆ ಆರು ದಿನಕ್ಕೆ 9,400 ರೂಪಾಯಿ ಖರ್ಚಾಯಿತು. ಹಾಗಂತ ಮೊದಲನೇ ವಾರವೇ ಓಡಿಹೋಗಿದ್ದರೆ ಹಾಸ್ಟೆಲ್‌ನಲ್ಲಿ ಮಲಗಿ ಬರುತ್ತಿದ್ದೆ ಅಷ್ಟೇ. ಕರೆಯುವವರ ಪಟ್ಟಿ ಮಾಡಿಕೊಟ್ಟಿದ್ದು ಲಿಂಕ್ಡ್‌ಇನ್ ಮತ್ತು ಪೋರ್ಟಲ್. ಮತ್ತೆ ಹುಡುಕುವ ಹಾಗಾದರೆ ಪರಿಚಯದವರನ್ನು ಮೊದಲನೇ ದಿನವೇ ಕೇಳುತ್ತೇನೆ, ಎರಡನೇ ತಿಂಗಳಲ್ಲೇ ರೈಲು ಹತ್ತುತ್ತೇನೆ. ಕನ್ಸಲ್ಟೆನ್ಸಿ ಫೋನ್ ಬಂದರೆ ಬರಲಿ, ನಾನಾಗಿ ಹೋಗುವುದಿಲ್ಲ. ಅನುಭವ ಇಲ್ಲದ ಹೊಸಬರಿಗೆ ಈ ಲೆಕ್ಕ ಹೊಂದುವುದಿಲ್ಲ, ನೇರ ಬನ್ನಿ ಅಂತ ಅವರನ್ನು ಕರೆಯುವವರು ಕಮ್ಮಿ. ಅವರಿಗೆ ಪೋರ್ಟಲ್ಲೇ ಗತಿ.

ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು ಮನೆ ಸಾಗಿಸುವ ಖರ್ಚು ಕೊಡುತ್ತೀರಾ ಅಂತ ಎರಡು ಸಲ ಕೇಳಿದೆ. ಮೊದಲ ಸಲ ಇಲ್ಲ ಅಂದರು. ಎರಡನೇ ಸಲ 25,000 ಒಪ್ಪಿದರು, ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅನ್ನುವ ಷರತ್ತಿನ ಮೇಲೆ. ಲಾರಿಯವನು ಹಾಸನದಿಂದ 38,000 ಕೇಳುತ್ತಿದ್ದಾನೆ. ಬೀರು ಬಿಟ್ಟು ಹೋದರೆ 31,000ಕ್ಕೆ ಬರುತ್ತಾನಂತೆ. ಬೀರು ಹೆಂಡತಿಯ ತವರಿನದು, ಆ ಮಾತುಕತೆ ಇನ್ನೂ ನಡೆಯುತ್ತಿದೆ.