ಕೆರೆ ಅಂಗಳದಲ್ಲಿ ಒಣಗಿರೋ ಕೆಸರು ನಂಬಿ ಇಳೀಬೇಡಿ

ಕೋಲಾರದ ಕಡೆ ಕೆರೆಗಳಿಗೆ ಹಕ್ಕಿ ಫೋಟೋ ತೆಗೆಯೋಕೆ ಹೋಗೋರು ಇದನ್ನ ಒಂದ್ಸಲ ಓದ್ಬಿಡಿ, ಅದರಲ್ಲೂ ನನ್ನ ಥರ ಒಬ್ಬೊಬ್ರೇ ಹೋಗೋರು. ಹೋದ ಜನವರೀಲಿ ನಾನು ಸೊಂಟದ ತನಕ ಕೆಸರಲ್ಲಿ ಹೂತು ಹತ್ರತ್ರ ಮುಕ್ಕಾಲು ಗಂಟೆ ಅಲ್ಲೇ ನಿಂತಿದ್ದೆ.

ನರಸಾಪುರದ ಕಡೆ ಒಂದು ಕೆರೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದ್ರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಬರೋಕೆ ಶುರುವಾದ್ಮೇಲೆ ಈ ಕಡೆ ಎಷ್ಟೋ ಕೆರೆ ಬೇಸಿಗೇಲೂ ಪೂರ್ತಿ ಬತ್ತಲ್ಲ, ಅಂಚಲ್ಲಿ ಯಾವಾಗ್ಲೂ ಕೆಸರು, ಚಳಿಗಾಲಕ್ಕೆ ಬರೋ ಸ್ಯಾಂಡ್‌ಪೈಪರ್, ಪ್ಲೋವರ್, ಸ್ಟಿಂಟ್ ಥರದ ಕೆಸರಲ್ಲಿ ಮೇಯೋ ಹಕ್ಕಿಗಳಿಗೆ ಹಬ್ಬ. ಅವತ್ತು ಆರೂ ಮುಕ್ಕಾಲಿಗೆ ಏರಿ ಮೇಲೆ ಗಾಡಿ ನಿಲ್ಸಿ ನೋಡಿದ್ರೆ ಮೆಟ್ಟುಗಾಲು ಹಕ್ಕಿಗಳ ಪಕ್ಕ ಗುಬ್ಬಚ್ಚಿ ಗಾತ್ರದ ಸ್ಟಿಂಟ್ ಒಂದೇ ಮೇಯ್ತಿದೆ. ಲಿಟಲ್ ಸ್ಟಿಂಟ್‌ಗೆ ಕಾಲು ಕಪ್ಪು, ಇನ್ನೊಂದು ಜಾತಿ ಟೆಮ್ಮಿಂಕ್ಸ್ ಸ್ಟಿಂಟ್‌ಗೆ ಹಳದಿ ಛಾಯೆ. ಇದರ ಕಾಲು ತಿಳಿ ಬಣ್ಣದ್ದಾಗಿ ಕಾಣ್ತಿತ್ತು, ಟೆಮ್ಮಿಂಕ್ಸ್‌ದು ನನ್ನ ಹತ್ರ ಒಂದೂ ನೆಟ್ಟಗಿರೋ ಫೋಟೋ ಇರ್ಲಿಲ್ಲ, ಅಷ್ಟೇ, ತಲೆ ಕೆಟ್ಟೋಯ್ತು.

ಕೆಸರು ಮೇಲೆ ಹಪ್ಪಳದ ಥರ ಬಿರುಕು ಬಿಟ್ಟು ಒಣಗಿತ್ತು. ಹಕ್ಕಿ ಆರಾಮಾಗಿ ಓಡಾಡ್ತಿದೆ ಅಂದ್ರೆ ನೆಲ ಗಟ್ಟಿ ಅನ್ನೋದು ನನ್ನ ಲೆಕ್ಕ. ಅದು ಹೆಚ್ಚಂದ್ರೆ ಮೂವತ್ತು ಗ್ರಾಮ್, ನಾನು 84 ಕೆಜಿ. ಹತ್ತು ಹೆಜ್ಜೆ ಏನೂ ಆಗ್ಲಿಲ್ಲ, ಆಮೇಲೆ ಪಟ್ ಅಂತ ಒಂದು ಕಾಲು ಮೊಣಕಾಲ ತನಕ ಇಳೀತು, ಅದನ್ನ ಕೀಳೋಕೆ ಹೋದ್ರೆ ಇನ್ನೊಂದು ತೊಡೆ ತನಕ. ಒಂದನ್ನ ಎಳೆದಷ್ಟೂ ಇನ್ನೊಂದು ಕೆಳಗೆ. ಫೋನು ಪ್ಯಾಂಟ್ ಜೇಬಲ್ಲಿ, ಅಂದ್ರೆ ಕೆಸರಿನೊಳಗೆ. ಎರಡು ಕೆಜಿ ಮೇಲಿರೋ ಲೆನ್ಸನ್ನ ತಲೆ ಮೇಲೆ ಹಿಡ್ಕೊಂಡು ಎಷ್ಟೊತ್ತು ನಿಲ್ಲೋಕಾಗುತ್ತೆ ಹೇಳಿ, ಕೊನೆಗೆ ಕೈ ಸೋತು ಅದೂ ಕೆಸರಿಗೇ.

ಕುರಿ ಮೇಯ್ಸೋ ತಾತ ಒಬ್ರು ನನ್ನ ಕೂಗು ಕೇಳಿ ಬಂದ್ರು. "ಕದಲೊದ್ದು, ಕದಲೊದ್ದು" (ಅಲ್ಲಾಡ್ಬೇಡ) ಅಂತ ತೆಲುಗಲ್ಲೇ ಗದರಿಸಿ, ಪಕ್ಕದ ಹೊಲದಿಂದ ಎರಡು ನೀಲಗಿರಿ ಗಳ ತಂದು ಅಡ್ಡಡ್ಡ ತಳ್ಳಿದ್ರು. ಎದೇನ ಅದರ ಮೇಲೆ ಊರಿ ಮಲಗಿ, ಕಾಲನ್ನ ಎಳೆಯೋಕೆ ಹೋಗ್ದೆ, ಸುಮ್ನೆ ಚೂರು ಚೂರೇ ಅಲ್ಲಾಡಿಸ್ತಾ ಇದ್ರೆ ಸಂದಿಗೆ ನೀರಿಳಿದು ಹಿಡಿತ ಸಡಿಲ ಆಗುತ್ತೆ. ಹಂಗೇ ತೆವಳ್ಕೊಂಡು ಬಂದೆ. ಶೂ ಎರಡೂ ಇನ್ನೂ ಅಲ್ಲೇ ಇವೆ. ಪಾದಕ್ಕೆ ಬಾಟ್ಲಿ ಚೂರು ಸಿಗಿದಿತ್ತು, ಆ ಕೆರೇಲಿರೋದು ಸಂಸ್ಕರಿಸಿದ್ದಾದ್ರೂ ಬೆಂಗಳೂರಿನ ಕೊಳಚೆ ನೀರೇ ಅಲ್ವಾ, ಅವತ್ತೇ ಹೋಗಿ ಟಿಟಿ ಇಂಜೆಕ್ಷನ್ ಹಾಕಿಸ್ಕೊಂಡೆ.

ತಾತ ಹೇಳಿದ್ಮೇಲೇ ಗೊತ್ತಾಗಿದ್ದು, ಹಿಂದಿನ ಬೇಸಿಗೇಲಿ ಜೆಸಿಬಿ ತಂದು ಗೋಡುಮಣ್ಣು ತೆಗೆದಿದ್ರಂತೆ, ಆ ಗುಂಡಿಗೆ ತೆಳು ಕೆಸರು ತುಂಬ್ಕೊಂಡು ಮೇಲೆ ಮಾತ್ರ ಒಣಗಿತ್ತು. "ನನ್ನ ಕುರಿಗಳೇ ಅಲ್ಲಿ ಕಾಲಿಡಲ್ಲ, ನೀನು ಓದ್ದೋನು ಹೋಗಿದ್ದೀಯ" ಅಂದ್ರು. ನಿಜ, ನಾನು ಮೊದ್ಲು ತೆಗೆದ ಫೋಟೋದಲ್ಲೇ ಇದೆ, ಕುರಿ ಗೊರಸಿನ ಗುರುತು ಒಂದು ಕಡೆ ಬಂದು ಸಾಲಾಗಿ ವಾಪಸ್ ತಿರುಗಿದೆ. ಈಗ ಗೊರಸಿನ ಗುರುತು ಎಲ್ಲಿ ನಿಂತಿರುತ್ತೋ ನಾನೂ ಅಲ್ಲೇ ಕೂತ್ಬಿಡ್ತೀನಿ, ಕೈಯಲ್ಲಿ ಒಂದು ಕೋಲು, ಫೋನು ಶರ್ಟ್ ಜೇಬಲ್ಲಿ, ಯಾವ ಕೆರೆ ಅಂತ ಮನೇಲಿ ಹೇಳಿರ್ತೀನಿ. ಅಲ್ಲಾಡದೆ ಅರ್ಧ ಗಂಟೆ ಕೂತ್ರೆ ಸ್ಟಿಂಟ್‌ಗಳೇ ಮೇಯ್ತಾ ಹತ್ರ ಬರ್ತವೆ, ಇದು ನನಗೆ ಮೊದ್ಲೂ ಗೊತ್ತಿತ್ತು, ಅದೇ ಹೊಟ್ಟೆ ಉರಿಯೋದು. ಟೆಮ್ಮಿಂಕ್ಸ್ ಹೌದಾ ಅಂತ ನೋಡ್ಬೇಕಂದ್ರೆ ಹಾರೋ ತನಕ ಕಾಯಿರಿ, ಬಾಲದ ಎರಡೂ ಅಂಚು ಬಿಳಿ ಹೊಡೆಯುತ್ತೆ.

ಕ್ಯಾಮೆರಾ ಬಾಡಿ ಸತ್ತೋಯ್ತು, ಲೆನ್ಸ್ ರಿಪೇರಿಗೆ ಹೇಳಿದ ರೇಟಲ್ಲಿ ಸೆಕೆಂಡ್ ಹ್ಯಾಂಡ್ ಒಂದು ಬರುತ್ತೆ. ಕಾರ್ಡ್ ಮಾತ್ರ ಉಳೀತು. ಕೊನೇ ಫೋಟೋ ಝೂಮ್ ಮಾಡಿದ್ರೆ ಹಕ್ಕಿ ಕಾಲು ಕೆಳಗಡೆ ಒಣಗಿದ ಕೆಸರು ಮೆತ್ಕೊಂಡು ತಿಳಿ ಬಣ್ಣ, ಮೇಲ್ಗಡೆ ಕಪ್ಪು. ಲಿಟಲ್ ಸ್ಟಿಂಟ್. ಅದರದ್ದು ನನ್ನ ಹತ್ರ ಆಗ್ಲೇ ಮುನ್ನೂರು ಫೋಟೋ ಇದೆ.